ಕುಕ್ಕರ್ ಕೂಗಿದ ಪಾಠ

ವನಜಾಕ್ಷಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು. ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ಹುಬ್ಬಳ್ಳಿಯಿಂದ ನಾಗಪುರಕ್ಕೆ ಬಂದು, ಅಲ್ಲಿನ ಸದರ್ ಬಡಾವಣೆಯ ಹತ್ತಿರದ ಖಾಸಗಿ ನರ್ಸಿಂಗ್ ಕಾಲೇಜು ಸೇರಿದ್ದಳು. ಕೊರೊನಾ ಕಳೆದ ಮೇಲೆ ಅಲ್ಲಿ ಅವಳ ಕೆಲಸವೆಂದರೆ ವಿಡಿಯೊ ಹಚ್ಚುವುದು, ಹಾಜರಿ ಹಾಕುವುದು, ವಿಡಿಯೊ ಆರಿಸುವುದು. ಪಾಠ ವಿಡಿಯೊದ್ದು. ಅದರೊಳಗಿನ ದನಿಯೂ ಅವಳದೇ, ಎಂಥ ಚೆಂದ ನೋಡಿ!

ಲಾಕ್‌ಡೌನಿನಲ್ಲಿ ಬಜಾಜ್ ನಗರದ ಮನೆಯ ಅಡುಗೆಕಟ್ಟೆಯ ಮೇಲೆ, ಅಕ್ಕಿ ಡಬ್ಬಿಗೆ ಫೋನು ಆನಿಸಿ ಮಾಡಿದ ಪಾಠಗಳವು. ಕಾಣುವುದು ನೋಟ್‌ಬುಕ್ಕು ಮತ್ತು ಅವಳ ಕೈ ಮಾತ್ರ. ಔಷಧದ ಪ್ರಮಾಣ ಲೆಕ್ಕ ಹಾಕುವ ಪಾಠದ ನಡುವೆ ಕುಕ್ಕರ್ ಕೂಗಿತು. ಎದ್ದು ಒಲೆ ಆರಿಸಿ ಬಂದವಳು, ಕೂಸಿಗೆ ಅರ್ಧ ಎಂಎಲ್ ಕೊಡಬೇಕಾದಲ್ಲಿ ಐದು ಎಂದು ಬರೆದಳು. ಬಿಟ್ಟುಹೋದದ್ದು ಐದರ ಹಿಂದಿನ ಒಂದು ಚುಕ್ಕೆ, ಆದರೆ ಔಷಧ ಹತ್ತು ಪಟ್ಟಾಯಿತು.

ಕಾಲೇಜು ಆ ವಿಡಿಯೊಗಳನ್ನೇ ಖಾಯಂ ಮಾಡಿದ ಮೇಲೆ, ಹಿಂದಿನ ಬೆಂಚಿನಲ್ಲಿ ಕೂತು ನೋಡುವಾಗ ಆ ತಪ್ಪು ಅವಳ ಕಣ್ಣಿಗೆ ಬಿತ್ತು. ಪ್ರಿನ್ಸಿಪಾಲರ ಬಳಿ ಓಡಿದಳು. ಕಂಪ್ಯೂಟರಿನಲ್ಲಿ ನಡೆಯುವ ಪರೀಕ್ಷೆಯ ಸರಿಯುತ್ತರಗಳನ್ನೂ ವಿಡಿಯೊ ನೋಡಿಯೇ ತುಂಬಿಸಿದ್ದರು. ತಿದ್ದುವುದು ಯಾವುದೋ ಕಂಪನಿಯ ಕೈಯಲ್ಲಿತ್ತು. ಮುಂದಿನ ವರ್ಷ ನೋಡೋಣ ಎಂದರು ಪ್ರಿನ್ಸಿಪಾಲರು. ನಾಲ್ಕು ವರ್ಷ ಅದನ್ನೇ ಅಂದರು.

ಕೊನೆಗೆ ಅವಳೇ ವಿಡಿಯೊ ನಿಲ್ಲಿಸಿ ಬೋರ್ಡಿನ ಮೇಲೆ ಸರಿ ಉತ್ತರ ಬರೆದಳು. ಅದಕ್ಕೊಂದು ಮೆಮೊ ಬಂತು, ರಿಮೋಟು ಆಫೀಸಿಗೆ ಹೋಯಿತು, ವಿಡಿಯೊ ಅಲ್ಲಿಂದಲೇ ಹಚ್ಚತೊಡಗಿದರು. ಹೋಗಲಿ, ಹುಡುಗಿಯರಿಗಾದರೂ ತಿಳಿಯಿತಲ್ಲ ಎಂದುಕೊಂಡಿದ್ದಳು. ಪರೀಕ್ಷೆಯ ದಿನ ಸಾಲುಗಳ ನಡುವೆ ಓಡಾಡುತ್ತ ನೋಡಿದರೆ ಎಲ್ಲರೂ ಐದನ್ನೇ ಒತ್ತಿದ್ದರು. ಕೃಪಾ ಕೂಡ. ಆ ಕಾಲೇಜಿನಲ್ಲಿ ಅವಳೊಡನೆ ಕನ್ನಡ ಮಾತಾಡುವ ಒಬ್ಬಳೇ ಹುಡುಗಿ ಕೃಪಾ. ಹೊರಗೆ ಬಂದಾಗ ವನಜಾಕ್ಷಿ ಅವಳನ್ನು ಹಿಡಿದು ನಿಲ್ಲಿಸಿದಳು.

"ಯಾಕವಾ, ನಾ ಬೋರ್ಡಿನ ಮ್ಯಾಲೆ ಬರದಿದ್ದು ಮರತ್ಯಾ?"

"ಇಲ್ರೀ ಮೇಡಂ, ನೆನಪೈತ್ರಿ. ಆದ್ರ ಬರೋಬರ್ ಉತ್ತರ ಹಾಕಿದ್ರ ಮಾರ್ಕ್ಸ್ ಬರೂದಿಲ್ರಿ."

"ನಾಳೆ ವಾರ್ಡಿನ್ಯಾಗ ಕೂಸಿಗೆ ಎಷ್ಟು ಕೊಡ್ತಿ?"

ಕೃಪಾ ತಲೆ ತಗ್ಗಿಸಿದಳು. "ಪಾಸಾದ ಮ್ಯಾಲಲ್ರೀ ವಾರ್ಡು?"

ವನಜಾಕ್ಷಿ ಬೈಯದೆ ಅವಳನ್ನು ಹೋಗಗೊಟ್ಟಳು. ತಪ್ಪು ಬರೆದ ಕೈ ತನ್ನದೇ ಅಲ್ಲವೇ? ಎಲ್ಲಿಯೋ ಯಾರದೋ ಕೂಸು ತನ್ನಿಂದಲೇ ಸಾಯುತ್ತದೆ ಎಂಬ ಭಯ ಅವಳನ್ನು ಹಗಲಿಡೀ ತಿನ್ನತೊಡಗಿತು. ಊಟ ಸೇರದಾಯಿತು. ಕುಕ್ಕರ್ ಇಡುವುದನ್ನೇ ಬಿಟ್ಟಳು.

ಹೊಸ ಬ್ಯಾಚು ಬಂತು. ಪರದೆಯ ಮೇಲೆ ಕುಕ್ಕರ್ ಕೂಗಿತು, ಹುಡುಗಿಯರು ನಕ್ಕರು, ಕೈ ಐದು ಎಂದು ಬರೆಯಿತು. ವನಜಾಕ್ಷಿ ಹಿಂದಿನ ಬೆಂಚಿನಿಂದ ಎದ್ದು, "ಅದು ತಪ್ಪು, ಅರ್ಧ ಅಂತ ಬರೆದುಕೊಳ್ಳಿ" ಎಂದು ಹಿಂದಿಯಲ್ಲಿ ಕೂಗಿದಳು. ಒಡೆದ ಆ ದನಿ ವಿಡಿಯೊದ ದನಿಯಂತೆ ಇರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಿರುಗಿದಳು. ಪಾಪ, ಒರಟು ಹುಡುಗಿಯೇನಲ್ಲ; ಹಿಂದಿಯಲ್ಲೇ ಮೆತ್ತಗೆ ಹೇಳಿದಳು.

"ಆಂಟೀ, ಸ್ವಲ್ಪ ಸುಮ್ಮನಿರಿ. ಮೇಡಂ ಪಾಠ ಮಾಡ್ತಿದ್ದಾರೆ."