ಕೆಂಚಮ್ಮನ ಎದೆಯ ಸದ್ದು

ಕರಿಯಪ್ಪ, ನಿನ್ನ ಹೆಂಡತಿ ಕೆಂಚಮ್ಮ ಸತ್ತದ್ದು ನಿನ್ನ ತಪ್ಪಿನಿಂದ ಅಲ್ಲ. ನನ್ನ ತಪ್ಪಿನಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ. ನಲವತ್ತು ವರ್ಷಕ್ಕೂ ಮೇಲಾಯಿತು, ಮನೆಯವರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಕೊನೆ. ಹೊಸದುರ್ಗದಲ್ಲಿ ನನ್ನದೊಂದು ಸಣ್ಣ ದವಾಖಾನೆ. ಕಾಲೇಜು ಮುಗಿಸಿ ನಾಲ್ಕು ವರ್ಷವಾಗಿತ್ತಷ್ಟೆ. ಜಂಭಕ್ಕೇನೂ ಕಮ್ಮಿ ಇರಲಿಲ್ಲ. ಮತ್ತೋಡಿನಿಂದ ನೀನು ಅವಳನ್ನು ಕರೆತಂದೆ. ಮೂವತ್ತು ದಾಟದ ಹೆಂಗಸು. ಕುರಿ ಹಿಂದೆ ನಾಲ್ಕು ಹೆಜ್ಜೆ ಹೋದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಸ್ಟೆತಸ್ಕೋಪು ಇಟ್ಟೆ, ಗುರುಗುಟ್ಟುವ ಸದ್ದು ಕೇಳಿತು. ನನಗೆ ಅಷ್ಟೇ ಸಾಕಾಯಿತು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ ಎಂದೆ. ನಮ್ಮ ಕಡೆ ಅದು ಮಾಮೂಲಿ ಕಾಯಿಲೆ. ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್, ದಿನಾ ಗುಳಿಗೆ. ಇವಳನ್ನು ಚಪ್ಪಟೆಯಾಗಿ ಮಲಗಿಸಲೇಬೇಡ, ಕಂಬಳಿ ಸುತ್ತಿ ಬೆನ್ನಿಗೆ ಕೊಟ್ಟು ಕೂರಿಸಿಯೇ ನಿದ್ದೆ ಮಾಡಿಸು ಎಂದು ಬೆರಳೆತ್ತಿ ಹೇಳಿದೆ. ಕವಾಟದ ರೋಗಿಗೆ ಅದು ಸರಿಯಾದ ಮಾತೇ.

ನಾಲ್ಕನೇ ಇಂಜೆಕ್ಷನ್ನಿಗೆ ಬಂದಾಗ ನೀನು ಹೇಳಲೋ ಬೇಡವೋ ಅಂತ ಬಾಗಿಲಲ್ಲೇ ನಿಂತೆ. ಕುರಿಗೆ ಉಬ್ಬಸ ಬಂದರೆ ನೀವು ಕುರಿ ಕಾಯುವವರು ಅದನ್ನು ಮಗ್ಗುಲಿಗೆ ಕೆಡವಿ ಪಕ್ಕೆಗೆ ಕಿವಿ ಇಡುತ್ತೀರಿ, ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ಕೇಳುತ್ತೀರಿ. ಹಾಗೆಯೇ ಹೆಂಡತಿಯ ಎದೆಗೂ ಕಿವಿ ಇಟ್ಟಿದ್ದೆಯಂತೆ.

"ಕುಂತ್ರೆ ಒಳಗೆ ಏನೋ ದಪ್ ಅಂತ ಬಿದ್ದಂಗೆ ಕೇಳ್ತೈತ್ರಿ ಸ್ವಾಮಿ. ಮಲಗಿಸಿದ್ರೆ ಅದೂ ಇಲ್ಲ, ಉಸಿರೂ ಹಗುರ. ಮಲಗಿಸ್ಲೇನ್ರಿ?"

ನಾನು ನಕ್ಕೆ. ಹೊರಗೆ ಕಾಯುತ್ತಿದ್ದವರಿಗೂ ಕೇಳಲಿ ಅಂತ ಜೋರಾಗಿಯೇ, ಇವಳನ್ನೇನು ಕುರಿ ಅಂದುಕೊಂಡೆಯಾ, ಡಾಕ್ಟರು ನೀನೋ ನಾನೋ ಎಂದೆ. ಎಲ್ಲರೂ ನಕ್ಕರು. ಕೆಂಚಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನೆಲ ನೋಡಿದಳು. ನೀನು ತಪ್ಪಾಯಿತು ಅಂದೆ.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಅಜ್ಞಾನ ಅನ್ನಬಹುದಿತ್ತೇನೋ. ಆದರೆ ಇಂಜೆಕ್ಷನ್ ಕೊಡಲು ಪರದೆಯ ಹಿಂದೆ ಅವಳನ್ನು ಮಲಗಿಸಿದಾಗ, ಸುಮ್ಮನೆ, ಸ್ಟೆತಸ್ಕೋಪು ಇಟ್ಟು ನೋಡಿದೆ. ಗುರುಗುಟ್ಟುವ ಸದ್ದು ಇರಲಿಲ್ಲ. ಎಬ್ಬಿಸಿ ಕೂರಿಸಿದೆ — ಬಂತು, ಜೊತೆಗೆ ನೀನು ಹೇಳಿದ ಆ ದಪ್ ಕೂಡ. ಮತ್ತೆ ಮಲಗಿಸಿದೆ, ಎರಡೂ ಇಲ್ಲ. ಬರೀ ಕಿರಿದಾದ ಕವಾಟ ಹೀಗೆ ಆಟ ಆಡುವುದಿಲ್ಲ. ಏನಾಯಿತು ಸ್ವಾಮಿ ಅಂತ ಅವಳು ಕೇಳಿದಳು. ಏನಿಲ್ಲ ಅಂದೆ. ಚೀಟಿಯಲ್ಲಿ ಎಲ್ಲ ಹಿಂದಿನಂತೆಯೇ ಇದೆ ಎಂದು ಬರೆದೆ.

ಮಧ್ಯಾಹ್ನ ಊಟ ಬಿಟ್ಟು ದಪ್ಪ ಪುಸ್ತಕ ತೆಗೆದೆ. ಹೃದಯದ ಕೋಣೆಯೊಳಗೆ ತೊಟ್ಟಿನಿಂದ ನೇತಾಡುವ ಒಂದು ಗೆಡ್ಡೆ — ಕೂತರೆ, ನಿಂತರೆ ಕವಾಟದ ಬಾಯಿಗೆ ಇಳಿದು ರಕ್ತಕ್ಕೆ ಅಡ್ಡವಾಗುತ್ತದೆ, ಮಲಗಿದರೆ ಸರಿದುಕೊಳ್ಳುತ್ತದೆ. ಕ್ಯಾನ್ಸರ್ ಅಲ್ಲ. ಕೊಯ್ದು ತೆಗೆದರೆ ರೋಗಿ ಮೊದಲಿನಂತೆ ಬದುಕಬಹುದು. ಒಂದು ಕಾಗದ ಬರೆದುಕೊಟ್ಟು ಅವಳನ್ನು ಬೆಂಗಳೂರಿಗೆ ಕಳಿಸಬಹುದಿತ್ತು, ಅಲ್ಲಿ ಸರ್ಜನ್ನರಿದ್ದರು. ಅದಿರಲಿ — ಮಲಗಿಸು, ಕೂರಿಸಬೇಡ ಅಂತ ಒಂದೇ ಒಂದು ಮಾತು ಹೇಳಿ ಕಳಿಸಬೇಕಿತ್ತು. ಮತ್ತೋಡಿನ ಬಸ್ಸು ಸಂಜೆ ನನ್ನ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಕಂಡಕ್ಟರು ದಿನಾ ನಮಸ್ಕಾರ ಹಾಕುವವನು.

ಹೇಳಿ ಕಳಿಸಲಿಲ್ಲ. ಬೆಳಿಗ್ಗೆ ತಾನೇ ಎಲ್ಲರೆದುರು ನಕ್ಕಿದ್ದೆನಲ್ಲ — ಸಂಜೆಗೆ, ಕುರಿ ಕಾಯುವವನು ಹೇಳಿದ್ದೇ ನಿಜ ಅಂತ ಹೇಗೆ ಒಪ್ಪಿಕೊಳ್ಳಲಿ? ಮುಂದಿನ ಸಲ ಬಂದಾಗ ನಾನೇ ಕಂಡುಹಿಡಿದ ಹಾಗೆ ಹೇಳಿದರಾಯಿತು ಅಂದುಕೊಂಡೆ. ಥೂ, ಎಂಥ ಲೆಕ್ಕಾಚಾರ ಅದು.

ಇಪ್ಪತ್ತೊಂದು ದಿನ ತುಂಬುವ ಮೊದಲೇ ನೀನೊಬ್ಬನೇ ಬಂದೆ. ಉಳಿದ ಗುಳಿಗೆಗಳನ್ನು ಮೇಜಿನ ಮೇಲಿಟ್ಟೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೆಲವು ದಿನದ ಹಿಂದೆ ಒಂದು ಬೆಳಿಗ್ಗೆ ಅವಳಿಗೆ ಉಸಿರು ಕಟ್ಟಿತಂತೆ. ಮಲಗಿಸು ಅಂತ ಕೈ ಮುಗಿದಳಂತೆ. ತಡೆಯಲಾರದೆ ನೀನು ಮಲಗಿಸಿದೆ; ಉಸಿರು ಹಗುರಾಯಿತು, ನೀರು ಕೇಳಿ ಕುಡಿದಳು. ಆಮೇಲೆ ನನ್ನ ಮಾತು ನೆನಪಾಗಿ ಹೆದರಿ ಮತ್ತೆ ಎಬ್ಬಿಸಿ ಕೂರಿಸಿದೆ. ನಿನ್ನ ಎದೆಗೆ ಒರಗಿಕೊಂಡಂತೆಯೇ ಹೋಗಿಬಿಟ್ಟಳು.

"ಒಂದ್ ಗಳಿಗೆ ಮಲಗಿಸಿದ್ನಲ್ರಿ ಸ್ವಾಮಿ, ಅದಕ್ಕೇ ಹೋದ್ಲಾ?"

ಆಗಲಾದರೂ... ಇಲ್ಲ ಅಂದಿದ್ದರೆ ಸಾಕಿತ್ತು. ಎರಡೇ ಅಕ್ಷರ.

"ಹೇಳಿದಂಗೆ ಕೇಳ್ಬೇಕಿತ್ತು ಕರಿಯಪ್ಪ," ಎಂದೆ.

ನೀನು ಹೌದೆಂದು ತಲೆಯಾಡಿಸಿದೆ. ನನಗೇ ಕೈ ಮುಗಿದು ಹೋದೆ.

ಯಾರೂ ಕೊಯ್ದು ನೋಡಲಿಲ್ಲ. ಗೆಡ್ಡೆಯೇ ಅಂತ ನಾನು ಆಣೆ ಮಾಡಲಾರೆ. ಬೆಂಗಳೂರಿಗೆ ಕಳಿಸಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ. ಆದರೆ ಮಲಗಿಸಿದ್ದರಿಂದ ಅವಳು ಸಾಯಲಿಲ್ಲ. ಅದು ನನಗೆ ನಿನ್ನ ಮುಖ ನೋಡುತ್ತಿದ್ದಾಗಲೇ ಗೊತ್ತಿತ್ತು.

ಹೋದ ವಾರ ನಿನ್ನ ಮೊಮ್ಮಗಳು ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಿದ್ದಳು. ಯಾರ ಪೈಕಿ ಎಂದು ಕೇಳಿದೆ, ನಿನ್ನ ಹೆಸರು ಹೇಳಿದಳು. ಊರಲ್ಲಿ ಯಾರು ಆಸ್ಪತ್ರೆಗೆ ಹೊರಟರೂ ತಾತ ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳುತ್ತಾನಂತೆ: ಡಾಕ್ಟರು ಹೇಳಿದಂತೆ ಕೇಳಿ, ನಾನು ಕೇಳದೆ ಹೆಂಡತಿಯನ್ನು ಕೊಂದುಕೊಂಡೆ ಎಂದು. ಇಷ್ಟು ವರ್ಷವೂ ಅದನ್ನೇ ಹೇಳುತ್ತಾ ಬಂದಿದ್ದೀಯಂತೆ. ಆ ಹುಡುಗಿ ಅದನ್ನು ನನಗೆ ಸಲ್ಲುವ ಗೌರವ ಅಂದುಕೊಂಡು ನಗುತ್ತಾ ಹೇಳಿದಳು, ಕರಿಯಪ್ಪ. ಔಷಧಿ ಬರೆದುಕೊಟ್ಟೆ; ಅವಳು ಹೋದ ಮೇಲೆ ಈ ಕಾಗದ ಬರೆಯಲು ಕೂತೆ.

ಇದನ್ನು ಟಪಾಲಿಗೆ ಹಾಕಿದರೆ ನಿನಗೆ ಓದಿ ಹೇಳುವ ಕಷ್ಟ ಅವಳಿಗೆ ಬೀಳುತ್ತದೆ, ಅದು ಬೇಡ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಅದೇ ಕಟ್ಟೆಯ ಹತ್ತಿರ, ಅದೇ ಜನರ ಮುಂದೆ ನಿಂತು ನಾನೇ ಓದುತ್ತೇನೆ. ಕ್ಷಮಿಸು ಅನ್ನುವ ಸಾಲೊಂದನ್ನು ಬರೆದಿದ್ದೆ, ಹೊಡೆದುಹಾಕಿದೆ. ಕೊನೆಯ ಸಲ ಕೆಂಚಮ್ಮನ ಉಸಿರು ಹಗುರ ಮಾಡಿದವನು ನೀನು. ಆ ಸಮಾಧಾನವನ್ನೂ ನಿನ್ನಿಂದ ಕಿತ್ತುಕೊಂಡವನು ನಾನು.