ಪರದೆಯ ಒಳಗಿಂದ ಬಂದ ಸಾಲು

ಹೋದ ಶನಿವಾರ ಇಳಕಲ್ಲಿನ ಕಚೇರಿಯಲ್ಲಿ, ಹಾಡು ನಡೆದಿರುವಾಗಲೇ ತಂಬೂರಿ ನಿಂತುಹೋಯಿತು. ಹಾಲ್ ತುಂಬ ಜನ, ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನಾನು ವೇದಿಕೆಯ ಮೂಲೆಯಲ್ಲಿ ಪರದೆಗೆ ಆತು ಕೂತಿದ್ದೆ. (ಪ್ರಾಸ್ತಾವಿಕ ಭಾಷಣ ಮಾಡಿದವನಿಗೆ ಆಮೇಲೆ ಅಲ್ಲೇ ಜಾಗ.)

ಮೊದಲಿಂದ ಹೇಳುತ್ತೇನೆ.

ನಮ್ಮ ಬಾಗಲಕೋಟೆಯ ರಾಘಣ್ಣ ಮಾಸ್ತರು ಹೈಸ್ಕೂಲಿನಲ್ಲಿ ಸಂಗೀತ ಕಲಿಸುತ್ತಾರೆ. ಈಚೆಗೆ ಅವರಿಗೊಂದು ಹುಚ್ಚು ಹಿಡಿದಿದೆ. ನಾನ್ನೂರು ವರ್ಷದ ಹಿಂದಿನ ಶೃಂಗಾರದ ಪದಗಳು. ಬರೆದದ್ದು ಹೆಣ್ಣು ಎಂಬುದು ಪದದಿಂದಲೇ ತಿಳಿಯುತ್ತದೆ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಮುತ್ತು, ಅಪ್ಪುಗೆ, ಹಾಸಿಗೆ, ಯಾವುದನ್ನೂ ಆಕೆ ಮುಚ್ಚಿಟ್ಟಿಲ್ಲ. ಅವಕ್ಕೆ ಹೊಸದಾಗಿ ರಾಗ ಕಟ್ಟಿ ಕಚೇರಿಯಲ್ಲಿ ಹಾಡಿಸಬೇಕೆಂಬುದು ಮಾಸ್ತರರ ಹಟ.

"ಮಾಸ್ತರ, ಈ ವಯಸ್ಸಿನ್ಯಾಗ ಇದೇನ್ರಿ?" ಎಂದು ಊರು ನಕ್ಕಿತು.

"ಹಳೇ ಸಾಹಿತ್ಯರಿ ಅದು," ಎನ್ನುತ್ತಿದ್ದರು ಮಾಸ್ತರು. ಹಳೆಯದು ಅಂದರೆ ಮುಗಿಯಿತು. ನಮ್ಮಲ್ಲಿ ಹಳೆಯದಕ್ಕೆ ಎಲ್ಲವೂ ಮಾಫಿ.

ರಾಗ ಕಟ್ಟಿದ್ದು ಮಾಸ್ತರು ಎಂದು ಹ್ಯಾಂಡ್‌ಬಿಲ್ಲಿನಲ್ಲಿತ್ತು. ಅದು ಅರ್ಧ ಖರೆ. ಉಳಿದರ್ಧ ಅವರ ಅಕ್ಕ ಅಂಬಕ್ಕನದು. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸು. ಅಂದಿನಿಂದ ಬೋಳು ತಲೆ, ಕೆಂಪು ಸೀರೆ, ಮಡಿ ಅಡಿಗೆ. ಈಗ ಐವತ್ತೈದರ ಆಸುಪಾಸು. ಮಾಸ್ತರು ಪಡಸಾಲೆಯಲ್ಲಿ ಹಾರ್ಮೋನಿಯಂ ಒತ್ತಿದರೆ ಅಂಬಕ್ಕ ಒಲೆಯ ಮುಂದೆ ಗುನುಗುತ್ತಿದ್ದಳು.

ಒಂದು ದಿನ ನಾನೂ ಇದ್ದೆ. "ತೆಕ್ಕೆ ಸಡಿಲಿಸಬೇಡ, ಬೆಳಗು ಬಂದರೆ ಬಾಗಿಲಲಿ ಕಾಯಲಿ" ಎಂಬ ಸಾಲು. ಮಾಸ್ತರು ಬಾಗೇಶ್ರೀಯಲ್ಲಿ ದನಿ ಏರಿಸಿ ಹಾಡಿದರು. ಒಳಗಿಂದ ಅಂಬಕ್ಕ ಅಂದಳು:

"ಸಡಿಲಿಸಬ್ಯಾಡ ಅಂತ ಒದರಿ ಹೇಳ್ತಾರೇನೋ ರಾಘಣ್ಣ? ಕಿವ್ಯಾಗ ಹೇಳ್ತಾರ."

ಆಮೇಲೆ ತಾನೇ ಹಾಡಿ ತೋರಿಸಿದಳು, ಕೆಳಗಿನ ಸ್ವರದಲ್ಲಿ, ಉಸಿರಿಗೆ ಹತ್ತಿರವಾಗಿ. ಆ ಸಾಲಿಗೆ ಅದೇ ಧಾಟಿ ಉಳಿಯಿತು. ತೆಕ್ಕೆಯೆಂದರೇನೆಂದು ತಿಳಿಯುವ ಮೊದಲೇ ಎಲ್ಲ ಮುಗಿದವಳಿಗೆ ಇದು ಹೇಗೆ ಗೊತ್ತು? ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಳಕಲ್ಲಿನ ಸೀರೆ ಸಾಹುಕಾರರೊಬ್ಬರು ಪ್ರೋಗ್ರಾಮ್ ಇಟ್ಟರು. ಹಾಡಲು ನಾಟಕ ಕಂಪನಿಯ ಶಾಂತಾಬಾಯಿ. ತಂಬೂರಿಯ ಹುಡುಗಿಗೆ ಆವತ್ತೇ ಜ್ವರ. ಬೇರೆ ದಾರಿ ಕಾಣದೆ ಮಾಸ್ತರು ಅಕ್ಕನನ್ನೇ ಬಸ್ಸು ಹತ್ತಿಸಿದರು. ಆದರೆ ದೀಪ ಹಚ್ಚುವ ಜಾಗದಲ್ಲಿ ವಿಧವೆಯ ಕೆಂಪು ಸೀರೆ ಎದುರಾಗಬಾರದಲ್ಲ? ಅದಕ್ಕೇ ಅಂಬಕ್ಕ ಪರದೆಯ ಹಿಂದೆ ಕೂತಳು. ಅವಳಿಗೆ ಬೇಸರವೇನೂ ಇರಲಿಲ್ಲ. ಬಸ್ಸು ಹುನಗುಂದ ದಾಟುವಾಗಲೇ ನನಗೆ ಹೇಳಿದ್ದಳು: "ಮಂದಿ ನಡು ಹ್ಯಾಂಗ ಕೇಳಸ್ತದೋ ಒಮ್ಮೆ ಕೇಳಬೇಕರಿ. ಅಷ್ಟ ಸಾಕು."

ಶಾಂತಾಬಾಯಿ ಚೆನ್ನಾಗಿಯೇ ಹಾಡಿದಳು. ಆ ಸಾಲಿಗೆ ಬಂದಾಗ ಮಾತ್ರ ಮರೆತಳು. ತಡವರಿಸಿದಳು. ಮಾಸ್ತರರ ಬೆರಳು ಹಾರ್ಮೋನಿಯಂ ಮೇಲೆ ಸುಮ್ಮನೆ ಸುತ್ತತೊಡಗಿತು. ಆಗ ಪರದೆಯ ಒಳಗಿಂದ ಸಾಲು ಬಂತು. ತೆಕ್ಕೆ ಸಡಿಲಿಸಬೇಡ. ಮೈಕ್ ಇರಲಿಲ್ಲ, ಬೇಕಾಗಲೂ ಇಲ್ಲ. ಇಡೀ ಹಾಲ್ ಕಿವಿಯಾಯಿತು. ನನಗೆ ಕಣ್ಣೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಪದ ಮುಗಿದದ್ದೇ ಸಾಹುಕಾರರು ಎದ್ದು ನಿಂತರು. ದೊಡ್ಡ ಮನಸ್ಸಿನ ಮನುಷ್ಯ.

"ಒಳಗ ಹಾಡಿದಾಕಿ ಯಾರ್ರಿ ಮಾಸ್ತರ? ಹೊರಗ ಕರೀರಿ. ನಮ್ಮ ಮನಿಯವರು ಸೀರಿ ಕೊಟ್ಟು ಉಡಿ ತುಂಬತಾರ."

ಉಡಿ ತುಂಬುವುದು! ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಮುತ್ತೈದೆಗೆ ಮಾಡುವ ಮರ್ಯಾದೆ. ಸಾಹುಕಾರರ ಹೆಂಡತಿ ತಟ್ಟೆ ಹಿಡಿದು ಆಗಲೇ ಮೆಟ್ಟಿಲ ಹತ್ತಿರ ಬಂದಿದ್ದರು. ಮಾಸ್ತರು ಪರದೆಯ ಕಡೆ ನೋಡಿದರು, ತಟ್ಟೆಯ ಕಡೆ ನೋಡಿದರು.

"ಒಳಗ ಯಾರೂ ಇಲ್ರಿ. ನಾನ ಸಣ್ಣ ದನಿ ತಗದು ನೆನಪ ಮಾಡಿಕೊಟ್ಟೆ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಸೀರೆ ಶಾಂತಾಬಾಯಿಯ ಉಡಿಗೆ ಬಿತ್ತು. ಅವಳು ತಲೆ ಎತ್ತಲಿಲ್ಲ. ಮುಂದಿನ ಪದ ಶುರುವಾದಾಗ ತಂಬೂರಿ ಮಿಡಿಯುತ್ತಿತ್ತು, ನಡುವೆ ನಿಂತಿತು. ಪರದೆಯ ಸಂದಿಯಲ್ಲಿ ಇಣುಕಿದೆ. ಅಂಬಕ್ಕ ತಂಬೂರಿಯನ್ನು ನೆಲಕ್ಕೆ ಮಲಗಿಸಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು.

ಮೊನ್ನೆ ಮಾಸ್ತರು ನಮ್ಮ ಮನೆಗೆ ಬಂದಿದ್ದರು. ಚಹಾ ಮುಟ್ಟಲಿಲ್ಲ.

"ಅಕ್ಕ ಗುನುಗೂದು ಬಿಟ್ಟಾಳ್ರಿ. ಆ ಸಾಲು ಹ್ಯಾಂಗಿತ್ತು ಅಂತ ಕೇಳಿದ್ರ, ನನಗ ಬರಂಗಿಲ್ಲಪಾ ಅಂತಾಳ. ನನಗೂ ಬರವಲ್ದು." ಕಪ್ಪನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ನಾ ಏನು ಮಾಡಬೇಕಿತ್ತು ಹೇಳ್ರಿ? ಉಡಿ ತುಂಬಾಕ ನಿಂತವರ ಮುಂದ ಆಕಿನ್ನ ಹ್ಯಾಂಗ ತಂದು ನಿಲ್ಲಸಲಿ?"

ಮಾಸ್ತರರ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಅವರು ಕೆಟ್ಟವರಲ್ಲ, ಸಾಹುಕಾರರೂ ಕೆಟ್ಟವರಲ್ಲ, ಚಪ್ಪಾಳೆ ತಟ್ಟಿದವರೂ ಅಲ್ಲ. ಆದರೂ ಒಬ್ಬಳ ದನಿ ಹೋಯಿತು.

ನೀವೇ ಹೇಳಿ, ಹೆಣ್ಣಿನ ಆಸೆಗೆ ಮರ್ಯಾದೆ ಸಿಗಬೇಕಾದರೆ ಅವಳು ಸತ್ತು ನಾನ್ನೂರು ವರ್ಷ ಆಗಲೇಬೇಕಾ?