ತರಗತಿ ತುಂಬಿದ ವರ್ಷ

ಹೊಸ ಉದ್ಯಮಕ್ಕೆ ಮೊದಲ ಬಂಡವಾಳ ಎಲ್ಲಿಂದ ಬರುತ್ತದೆ ಎಂಬುದು ನಾನು ಡಾಕ್ಟರೇಟ್ ಮಾಡಿದ ವಿಷಯ. ನಮ್ಮತ್ತೆಗೆ ಇದನ್ನು ಹೇಳಿದಾಗ, "ಅದಕ್ಕ ಅಷ್ಟ್ಯಾಕ ಓದಬೇಕವ್ವಾ? ಸೊಸಿ ಮೈಮ್ಯಾಗಿನ ಬಂಗಾರದಿಂದ ಬರ್ತೈತಿ," ಎಂದಿದ್ದರು. ನನ್ನ ಬಳೆಗಳ ಮೇಲೇ ಕಣ್ಣಿಟ್ಟು ಹೇಳಿದ ಮಾತದು.

ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಸಿಂಧನೂರಿನ ಬಸ್ಸು, ಮಧ್ಯಾಹ್ನ ಲಿಂಗಸುಗೂರಿನದು. ಎರಡೂ ಊರಿನ ಕಾಲೇಜುಗಳಲ್ಲಿ ನಾನು ಅತಿಥಿ ಉಪನ್ಯಾಸಕಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರನ್ನು ಯಾರೂ ಅತಿಥಿ ಎನ್ನುವುದಿಲ್ಲ. ಸರಕಾರಕ್ಕೆ ಮಾತ್ರ ಆ ಸಂಕೋಚವಿಲ್ಲ. ಲಿಂಗಸುಗೂರಿನಲ್ಲಿ ನನಗೆ ಕೊಟ್ಟದ್ದು ಬರೀ ಲೆಕ್ಕಶಾಸ್ತ್ರ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ. ನನ್ನ ವಿಷಯವಾದ ಉದ್ಯಮ ಹಣಕಾಸು ಇದ್ದದ್ದು ಸಿಂಧನೂರಿನಲ್ಲಿ, ಅದೂ ಬೇಕಾದವರು ಆರಿಸಿಕೊಳ್ಳುವ ಪಾಠವಾಗಿ. ಸಾಕಷ್ಟು ಜನ ಸೇರದಿದ್ದರೆ ಆ ವರ್ಷ ಪಾಠವೇ ಇಲ್ಲ. ಓದಿದ್ದಕ್ಕೆಲ್ಲ ಅರ್ಥ ಉಳಿದಿದ್ದು ಆ ಒಂದು ಪಾಠದಲ್ಲಿ.

ಹೋದ ವರ್ಷ ಸೇರಿದವರು ಬೆರಳೆಣಿಕೆಯಷ್ಟು. ಆದರೆ ಎಂಥ ತರಗತಿ ಅದು! ಬಂಗಾಳದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮಷ್ಟೇ ಒರಟು ಕನ್ನಡ. ದಿನಾ ನನ್ನೊಡನೆ ವಾದಕ್ಕೆ ನಿಲ್ಲುತ್ತಿದ್ದಳು.

"ಬ್ಯಾಂಕಿನವ್ರು ಜಾಮೀನು ಕೇಳ್ತಾರ್ರಿ ಮೇಡಂ. ಜಾಮೀನು ಕೊಡೋವಷ್ಟು ಆಸ್ತಿ ಇದ್ದವ್ರು ಬ್ಯಾಂಕಿಗ್ಯಾಕ ಹೋಗ್ತಾರ?"

ಇಂಥ ಪ್ರಶ್ನೆಗಾಗಿ ವರ್ಷಗಟ್ಟಲೆ ಕಾದಿದ್ದೆ. ಆ ದಿನ ಸೀಟು ಸಿಗದೆ ಮಸ್ಕಿಯವರೆಗೆ ನಿಂತೇ ಬಂದೆ, ಖುಷಿಯಲ್ಲಿ ಕಾಲುನೋವೂ ಗೊತ್ತಾಗಲಿಲ್ಲ.

ಸೇರುವವರು ಇನ್ನೂ ಕಡಿಮೆಯಾದರೆ ಈ ವರ್ಷ ಪಾಠ ಮುಂದುವರಿಯುವುದು ಅನುಮಾನ ಎಂದು ಒಮ್ಮೆ ಆ ಹುಡುಗರೆದುರು ಅಂದಿದ್ದೆ. ಅಷ್ಟೇ ಸಾಕಾಯಿತು. ನಮ್ಮ ಕಡೆ ಚುನಾವಣೆಯಲ್ಲಿ ಒಬ್ಬಿಬ್ಬರ ಓಟು ಕೇಳುವುದಿಲ್ಲ, ಊರಿಗೆ ಊರನ್ನೇ ಹಿಡಿಯುತ್ತಾರೆ. ಹುಡುಗರು ಮಾಡಿದ್ದೂ ಅದನ್ನೇ. ಕ್ಯಾಂಪಿನವರೆಲ್ಲ ಒಟ್ಟಿಗೆ ಈ ಪಾಠಕ್ಕೆ, ದಢೇಸುಗೂರು ಹಳ್ಳಿಯವರೆಲ್ಲ ಒಟ್ಟಿಗೆ ಈ ಪಾಠಕ್ಕೆ. "ಮೇಡಂಗೆ ತಾಸು ಜಾಸ್ತಿ ಆದ್ರ ಅವ್ರನ್ನ ಯಾರ್ ತಗೀತಾರ?" ಎಂದು ಹೇಳಿಕೊಂಡು ಓಡಾಡಿದರಂತೆ. ತಾಸೆಂದರೆ ಪಾಠದ ಗಂಟೆ.

ಕಾಲೇಜು ಶುರುವಾದಾಗ ಬೆಂಚು ಸಾಲದೆ ತರಗತಿಯನ್ನು ಒಡೆದು ಹಲವು ವಿಭಾಗ ಮಾಡಬೇಕಾಯಿತು. ಒಂದೆರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ಆಮೇಲೆ ಪ್ರಾಂಶುಪಾಲರು ಕರೆಸಿ, ಕುರ್ಚಿ ತೋರಿಸಿ, ಚಹಾ ತರಿಸಿದರು. ಅತಿಥಿಗಳಿಗೆ ಅಲ್ಲಿ ಚಹಾ ಬರುವುದು ಕೆಟ್ಟ ಸುದ್ದಿಗೇ.

"ನಿಮ್ ವಿಷಯಕ್ಕ ಖಾಯಂ ಪೋಸ್ಟ್ ಬಂದೈತ್ರಿ. ವರ್ಗಾ ಆಗಿ ಒಬ್ರು ಬರಾಕತ್ಯಾರ. ತಾಸು ಇಷ್ಟಾದ್ವು, ನಾ ಏನ್ ಮಾಡ್ಲಿ? ಅತಿ ಆದ್ರ ಅಮೃತಾನೂ ವಿಷ ಅಂತಾರಲ್ರಿ."

ಅತಿಥಿಗೆ ಸಿಗುವುದು ಖಾಯಂ ಉಪನ್ಯಾಸಕರು ಪಡೆದು ಮಿಕ್ಕ ತಾಸುಗಳು. ಅವೇ ಒಬ್ಬರ ಪೂರ್ತಿ ಕೆಲಸದಷ್ಟಾದರೆ ಅಲ್ಲಿಗೆ ಖಾಯಂನವರೇ ಬರುತ್ತಾರೆ. ಬರುವವರು ಕಲಿತದ್ದು ತೆರಿಗೆ ವಿಷಯವಂತೆ. ಉದ್ಯಮ ಹಣಕಾಸು ಅವರಿಗೂ ಹೊಸದು.

"ನಿಮ್ ನೋಟ್ಸ್ ಇದ್ರ ಕೊಟ್ಟು ಹೋಗ್ರಿ," ಎಂದರು ಪ್ರಾಂಶುಪಾಲರು.

ಕೊಡುವುದಿಲ್ಲ ಎಂದು ಚಹಾ ಬಿಟ್ಟು ಎದ್ದು ಬಂದೆ. ಹುಡುಗರ ಮುಖ ನೆನಪಾಗಿ ಮರುದಿನ ಕೊಟ್ಟೆ ಅನ್ನಿ. ನನಗಿನ್ನು ಉಳಿದದ್ದು ಲಿಂಗಸುಗೂರಿನ ಲೆಕ್ಕಶಾಸ್ತ್ರ, ಅದೂ ಈ ವರ್ಷದ ಮಟ್ಟಿಗೆ. ಮುಂದೆ ಇನ್ನೆಲ್ಲಾದರೂ ನನ್ನ ವಿಷಯ ಸಿಕ್ಕೀತೆಂಬ ಆಸೆಯನ್ನು ಬಿಟ್ಟಿದ್ದೇನೆ.

ನೋಟ್ಸ್ ಕೊಟ್ಟು ಹೊರಬಂದರೆ ಹೊರಗೆ ಹುಡುಗರ ಗುಂಪು. ಖಾಯಂ ಪೋಸ್ಟ್ ಬಂದಿದೆ ಎಂದು ಯಾರೋ ಜವಾನನಿಂದ ಕೇಳಿ, ನನಗೇ ಆಯಿತೆಂದು ತಿಳಿದು, ಹಾರ ತಂದು ನಿಂತಿದ್ದರು. ಕ್ಯಾಂಪಿನ ಹುಡುಗಿಯ ಕೈಯಲ್ಲಿ ಶಾಲು.

"ನಾವು ಗೆದ್ವಿ ಮೇಡಂ!"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾರ ಹಿಡಿದಿದ್ದವರು ಅದನ್ನು ಕೆಳಗಿಳಿಸಿದರು. ಅವಳೊಬ್ಬಳೇ ನನ್ನ ಮುಖ ನೋಡುತ್ತಿದ್ದಳು.

"ಹಂಗಾದ್ರ ನಾವು ಮೊದ್ಲಿನಷ್ಟ ಮಂದಿ ಇದ್ದಿದ್ರ ನೀವು ಇರ್ತಿದ್ರೇನ್ರಿ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ವರ್ಷವಿಡೀ ನನ್ನೊಡನೆ ವಾದ ಮಾಡಿದವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಹೌದವ್ವಾ," ಎಂದೆ.

ಹೊದಿಸಬೇಕೋ ಬೇಡವೋ ತಿಳಿಯದೆ ಅವಳು ಶಾಲನ್ನು ಮತ್ತೆ ಮಡಚತೊಡಗಿದಳು.